ಅಡ್ಡ ಹಿಡೀಲೋ, ಉದ್ದ ಹಿಡೀಲೋ

ಹೌದು, ನಾನೇ ಕೇಳಿದ್ದು. ಇದೇ ಬಾಯಿಂದ. "ಅಡ್ಡ ಹಿಡೀಲೋ, ಉದ್ದ ಹಿಡೀಲೋ?"

ಬೆಳಗ್ಗೆಯಿಂದ ಗಂಟಲಲ್ಲಿ ರೊಟ್ಟಿ ಇಳಿಯುತ್ತಿಲ್ಲ.

ಮಾಗಡಿ ಕೆರೆ ಅಂದ ಕೂಡಲೇ ಬೆಂಗಳೂರಿನವರು ತಮ್ಮ ಕಡೆಯ ಮಾಗಡಿ ಅಂದ್ಕೋತಾರೆ. ಅದಲ್ಲ. ಇದು ನಮ್ಮ ಗದಗ ಜಿಲ್ಲೆ, ಶಿರಹಟ್ಟಿ ತಾಲೂಕಿನದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತಲ್ಲ, ಅದು. ಆಗ ನಾನೂ ಸ್ಟೇಟಸ್ ಹಾಕಿಕೊಂಡಿದ್ದೆ, ಕೆರೆ ನಮ್ಮಪ್ಪ ಕಟ್ಟಿಸಿದ್ದೇನೋ ಅನ್ನೋ ಹಾಗೆ.

ಬೆಳಗ್ಗೆ ಅಲ್ಲಿ ನಾಲ್ಕು ಜನ ಹುಡುಗರು ಏರಿ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಒಬ್ಬನ ಕೈಯಲ್ಲಿ ಕಲ್ಲು. ಪಟ್ಟೆತಲೆ ಹೆಬ್ಬಾತುಗಳು ಒಟ್ಟಿಗೆ ಎದ್ದರೆ ರೀಲ್ಸ್ ಚೆನ್ನಾಗಿ ಬರುತ್ತಂತೆ. ನಾನು ಬೈಯಲಿಕ್ಕೇ ಹೋದೆ. ದೇವರಾಣೆ, ಬೈಯಲಿಕ್ಕೇ. ದಾರಿಯಲ್ಲಿ ಮಾತೂ ಜೋಡಿಸಿಕೊಂಡಿದ್ದೆ. ಬಾಯಿ ತೆರೆಯೋ ಮೊದಲೇ ಅವರಲ್ಲೊಬ್ಬ, "ಅಂಕಲ್, ಸ್ವಲ್ಪ ಹಿಡಿರೀ ಇದನ್ನ, ನಾವ್ ನಾಲ್ಕೂ ಮಂದಿ ಬರಬೇಕು" ಅಂತ ಫೋನನ್ನು ಕೈಗೇ ತುರುಕಿದ.

ನನಗೆ 34. ಅಂಕಲ್ ಅಂತೆ.

ಫೋನ್ ಕೈಗೆ ಬಂದ ಮೇಲೆ ಏನಾಯಿತೋ. ಹತ್ತು ವರ್ಷ ಮದುವೆ ಮನೆಗಳಲ್ಲಿ ಎಲ್ಲರ ಫೋಟೋ ತೆಗೆದು ತೆಗೆದು ಅಭ್ಯಾಸ. ಅಡ್ಡವೋ ಉದ್ದವೋ ಅಂತ ಕೇಳಿಯೇ ಬಿಟ್ಟೆ. ಉದ್ದ ಅಂದ. ಹಿಡಿದೆ. ಅವರು ಚಪ್ಪಾಳೆ ಹೊಡೆದರು, ಕಲ್ಲು ಬಿತ್ತು, ಇಡೀ ಹಿಂಡು ಎದ್ದಿತು. "ಅಂಕಲ್, ಇನ್ನೊಂದು ಸಲ, ಇವನ ತಲೆ ಕಟ್ ಆಗೈತಿ." ಇನ್ನೊಂದು ಸಲವೂ ತೆಗೆದೆ! ಮೂರನೇ ಸಲ "ಸ್ವಲ್ಪ ಎಡಕ್ಕೆ ಬನ್ನಿ, ಬಿಸಿಲು ಮುಖಕ್ಕೆ ಬೀಳುತ್ತೆ" ಅಂದವನು ಯಾರು? ನಾನೇ.

ಆ ಹಕ್ಕಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತೆ ಕಣ್ರೀ. 7 ಸಾವಿರ ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಹೊಲದಲ್ಲಿ ಮೇಯ್ದು ಬಂದು ನೀರಲ್ಲಿ ಸುಧಾರಿಸಿಕೊಳ್ಳೋ ಹೊತ್ತು ಅದು. ವಾಪಸ್ ಅಷ್ಟು ದೂರ ಹಾರಲು ಮೈಯಲ್ಲಿ ಕೊಬ್ಬು ಉಳಿಸಿಕೊಳ್ಳಬೇಕು. ಸುಮ್ನೆ ಮೂರು ಸಲ ಎಬ್ಬಿಸಿದೆವು. ಎಬ್ಬಿಸಿದರು. ಅಲ್ಲ, ಎಬ್ಬಿಸಿದೆವು.

ಹೋಗಲಿ ಬಿಡಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕೂತವು. ನವೆಂಬರ್‌ನಿಂದ ಇಂಥ ಎಷ್ಟು ಜನರನ್ನು ನೋಡಿವೆಯೋ. ನಾನೊಬ್ಬ ಹೇಳಿದರೆ ಕೇಳೋರು ಯಾರು?

ಬಿಡಲಿ ಹೇಗೆ? "ಶಬ್ದ ಮಾಡಬೇಡಿ" ಅನ್ನೋ ಬೋರ್ಡಿಗೇ ಬೈಕ್ ಒರಗಿಸಿದ್ದರು! ಅಂಥವರಿಗೆ ಏನು ಹೇಳಬೇಕು? ಜಗಳ ಆಗದ ಹಾಗೆ ಹೇಳಿ ನಿಲ್ಲಿಸಿದವರು ಯಾರಾದರೂ ಇದ್ದೀರಾ? ಮೊದಲ ವಾಕ್ಯ ಏನಿತ್ತು? ನಿಜವಾಗಿ ಕೇಳ್ತಿದ್ದೀನಿ. "ಪರಿಸರ ಪ್ರಜ್ಞೆ ಬೆಳೆಸಬೇಕು ಸಾರ್" ಅನ್ನೋರು ದಯವಿಟ್ಟು ಬೇಡ.

ಸಂಜೆ ಹುಡುಕಿದೆ. ರೀಲ್ ಸಿಕ್ಕಿತು. ಕೈ ಒಂಚೂರೂ ನಡುಗಿಲ್ಲ. ಹಿಂಡು ಎದ್ದ ಹಾಗೇ ಫೋನು ಮೆಲ್ಲಗೆ ಮೇಲಕ್ಕೆ ಹೋಗುತ್ತೆ. ಕೆಳಗೆ ಯಾರೋ ಬರೆದಿದ್ದಾರೆ, "ಕ್ಯಾಮೆರಾ ಯಾರು ಗುರೂ, ಸೂಪರ್."