ಕಣ್ಣೀರೆಲ್ಲ ಜಾಕ್ಸನ್‌ಗೇ ಯಾಕೆ?

ಈಗಷ್ಟೇ ಒಂದು ರೀಲ್ ನೋಡಿದೆ, ತಲೆ ಕೆಟ್ಟುಹೋಗಿದೆ. ಹಿಂದೆ ಪಿಟೀಲಿನ ಗೋಳು, ಮುಂದೆ ಅಮೆರಿಕದ ಹಳೇ ಬೇಸ್‌ಬಾಲ್ ಆಟಗಾರ 'ಶೂಲೆಸ್' ಜೋ ಜಾಕ್ಸನ್‌ನ ಫೋಟೊ. ಹತ್ತಿ ಗಿರಣಿಯಲ್ಲಿ ದುಡಿದ ಹುಡುಗ, ಓದು ಬರಹ ಬಾರದು, ಪಾಪ, ಏನೂ ಮಾಡದೆ ಆಜೀವ ನಿಷೇಧ! ನನ್ನ ಬೇಸ್‌ಬಾಲ್ ಹುಚ್ಚು ನಿಮಗೆ ಗೊತ್ತಲ್ಲ, ಅದಕ್ಕೇ ಟ್ಯಾಗ್ ಬೇರೆ ಮಾಡಿದ್ದೀರಿ.

ಏನೂ ಮಾಡಲಿಲ್ಲವಾ? ಸ್ವಾಮಿ, 1919ರ ವರ್ಲ್ಡ್ ಸೀರೀಸ್ ಅನ್ನು, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯನ್ನು, ಬೇಕಂತಲೇ ಸೋಲಲು ಅವನ ತಂಡ ಶಿಕಾಗೊ ವೈಟ್ ಸಾಕ್ಸ್‌ನ ಕೆಲವರು ಬುಕ್ಕಿಗಳ ಜೊತೆ ಕೈಜೋಡಿಸಿದ್ದರು. ಅದರಲ್ಲಿ ಅವನು 5,000 ಡಾಲರ್ ತಗೊಂಡಿದ್ದ. 1920ರಲ್ಲಿ ಗ್ರ್ಯಾಂಡ್ ಜ್ಯೂರಿ ಮುಂದೆ ತಾನೇ ಒಪ್ಪಿಕೊಂಡ. 1919ರಲ್ಲಿ ಅವನ ಸಂಬಳ ವರ್ಷಕ್ಕೆ 6,000 ಡಾಲರ್. ಅಂದರೆ ಹೆಚ್ಚುಕಮ್ಮಿ ಒಂದು ವರ್ಷದ ಸಂಬಳ ಜೇಬಿಗೆ.

ತಕ್ಷಣ ಬರುವ ಉತ್ತರ ಗೊತ್ತು: '1919ರ ವರ್ಲ್ಡ್ ಸೀರೀಸ್‌ನಲ್ಲಿ .375 ಸರಾಸರಿಯಲ್ಲಿ (ಸಾವಿರ ಸಲ ಬ್ಯಾಟ್ ಹಿಡಿದರೆ 375 ಹಿಟ್ ಅನ್ನೋ ಲೆಕ್ಕ) ಹೊಡೆದ, 12 ಹಿಟ್, ಸೀರೀಸ್‌ನ ಒಂದೇ ಒಂದು ಹೋಮ್ ರನ್ ಅವನದೇ, ಹಾಗೆ ಹೊಡೆದವನು ಮೋಸ ಮಾಡಿದನಾ?' ಸರಿ, ಬ್ಯಾಟಿಂಗೇ ಸಾಕ್ಷಿ ಅನ್ನೋಣ. ಅದೇ ತಂಡದ ಮೂರನೇ ಬೇಸ್‌ಮನ್ ಬಕ್ ವೀವರ್ ಕೂಡ .324 ಹೊಡೆದ. ಒಂದೇ ಒಂದು ತಪ್ಪೂ ಮಾಡದೆ ಫೀಲ್ಡಿಂಗ್ ಮಾಡಿದ. ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಅವನಿಗೆ ಯಾವ ಪಿಟೀಲೂ ಇಲ್ಲ.

ವೀವರ್ ಮಾಡಿದ್ದೇನು? ಫಿಕ್ಸಿಂಗ್ ಮಾತುಕತೆ ನಡೆದಾಗ ಅಲ್ಲಿ ಕೂತಿದ್ದ, ಹೊರಗೆ ಬಂದು ಬಾಯಿ ಬಿಡಲಿಲ್ಲ. ಅಷ್ಟೇ. 1921ರ ಆಗಸ್ಟ್ 2ರಂದು ಶಿಕಾಗೊದಲ್ಲಿ ಜ್ಯೂರಿ ವಿಚಾರಣೆ ಎದುರಿಸಿದ ಆಟಗಾರರೆಲ್ಲರನ್ನೂ ಬಿಟ್ಟಿತು. ಮಾರನೇ ದಿನವೇ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಲ್ಯಾಂಡಿಸ್ ವೈಟ್ ಸಾಕ್ಸ್‌ನ ಎಂಟೂ ಜನರನ್ನು ಶಾಶ್ವತವಾಗಿ ಹೊರಹಾಕಿದ. ಬುಕ್ಕಿಗಳ ಜೊತೆ ವ್ಯವಹಾರ ಕುದುರಿಸಿದ ಚಿಕ್ ಗ್ಯಾಂಡಿಲ್‌ಗೂ, ಕಾಸು ಮುಟ್ಟದ ವೀವರ್‌ಗೂ ಒಂದೇ ಶಿಕ್ಷೆ. ಇದ್ಯಾವ ಲೆಕ್ಕ?

ಆಟ ಕೊಳೆತಿತ್ತು, ಲ್ಯಾಂಡಿಸ್ ಹಾಗೆ ಬಿಗಿ ಮಾಡದಿದ್ದರೆ ಉಳಿಯುತ್ತಿರಲಿಲ್ಲ ಅನ್ನುವವರಿದ್ದಾರೆ. ಬಿಗಿ ಮಾಡಲಿ, ಬೇಡ ಅಂದವರಾರು? ವೀವರ್‌ಗೆ ಒಂದು ವರ್ಷ ಕೊಡಿ, ಎರಡು ಕೊಡಿ. ಆದರೆ ಸುಮ್ಮನಿದ್ದವನಿಗೂ ದುಡ್ಡು ತಗೊಂಡವನಿಗೂ ಒಂದೇ ಗತಿ ಅಂತಾದರೆ, ಮುಂದಿನವನು ದುಡ್ಡು ತಗೊಳ್ಳೋದೇ ವಾಸಿ ಅಂದುಕೊಳ್ಳಲ್ವಾ?

ನಿಜ ಹೇಳಲಾ? ನಾನಾಗಿದ್ದರೂ ಬಾಯಿ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಜೊತೆಗೆ ಆಡಿದವರ ಮೇಲೆ ಮಾಲೀಕನ ಹತ್ತಿರ ಹೋಗಿ ಚಾಡಿ ಹೇಳುವ ಧೈರ್ಯ ನನಗಿಲ್ಲ. ನಿಮಗಿದ್ದರೆ ಸಂತೋಷ.

ವೀವರ್ ಮತ್ತೆ ಮತ್ತೆ ಅರ್ಜಿ ಹಾಕಿದ. ಪ್ರತಿ ಸಲವೂ ಇಲ್ಲ ಅಂದರು. 1956ರಲ್ಲಿ ಸತ್ತ. 2025ರ ಮೇ ತಿಂಗಳಲ್ಲಿ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಆಜೀವ ನಿಷೇಧ ಸಾವಿನೊಂದಿಗೆ ಮುಗಿಯುತ್ತದೆ ಅಂತ ತೀರ್ಮಾನಿಸಿದರು. ಏನು ದಯೆ! ಸತ್ತು 69 ವರ್ಷವಾದ ಮೇಲೆ ಬಿಡುಗಡೆ. ಬೆಟ್ಟಿಂಗ್‌ಗಾಗಿ ನಿಷೇಧಗೊಂಡಿದ್ದ ಪೀಟ್ ರೋಸ್, ಜಾಕ್ಸನ್ ಇವರಿಬ್ಬರ ಹೆಸರು ಹೆಡ್‌ಲೈನಿಗೆ ಹೋಯಿತು. ವೀವರ್ 'ಇತರರು' ಅನ್ನುವುದರಲ್ಲಿ ಸೇರಿಹೋದ.

ಜಾಕ್ಸನ್ ದೊಡ್ಡ ಆಟಗಾರ, ಅದರಲ್ಲಿ ನನ್ನ ತಕರಾರಿಲ್ಲ. ವೃತ್ತಿಜೀವನದ ಸರಾಸರಿ .356 ಅಂದರೆ ತಮಾಷೆಯಲ್ಲ. ಬೇಕಿದ್ದರೆ ದಿಗ್ಗಜರ ಗೌರವಪಟ್ಟಿ ಹಾಲ್ ಆಫ್ ಫೇಮ್‌ಗೂ ಸೇರಿಸಿಕೊಳ್ಳಿ. ವೀವರ್‌ದು .272, ಅವನಿಗೆ ಆ ಬಾಗಿಲು ತೆರೆಯುವುದಿಲ್ಲ, ನಾನು ಅದನ್ನು ಕೇಳುತ್ತಲೂ ಇಲ್ಲ. ದುಡ್ಡು ತಗೊಂಡವರ ಪಟ್ಟಿಯಿಂದ ಅವನ ಹೆಸರನ್ನು ಬೇರೆ ಮಾಡಿ ಬರೆಯಿರಿ ಅಂತ ಕೇಳುತ್ತಿದ್ದೇನೆ.