ದಿಮ್ಮಿ ಹೊರಳಿಸಲು ನಾಲ್ಕು ಜನ ಯಾಕೆ?

ನಾನಿರುವ ಈ ಹೊರದೇಶದಲ್ಲಿ ಗಾಳಿಗೆ ಪಕ್ಕದ ಮನೆಯ ಓಕ್ ಮರ ಬಿತ್ತು. ಅಲ್ಲಿರುವುದು ಒಬ್ಬರೇ ಹೆಂಗಸು, ವಯಸ್ಸು ಎಪ್ಪತ್ತರ ಹತ್ತಿರ. ‘ಜನ ಕರೆಯಲಾ?’ ಅಂದೆ. ‘ಜನ ಯಾಕೆ?’ ಅಂತ ಅವರು ನನ್ನ ಮುಖ ನೋಡಿದರು. ಉದ್ದ ಹಿಡಿಯ ಒಂದು ಕೊಕ್ಕೆಗೋಲು ತಂದರು, ದಿಮ್ಮಿಗೆ ಕಚ್ಚಿಸಿದರು, ಹಿಡಿಯ ತುದಿಗೆ ಮೈಭಾರ ಬಿಟ್ಟರು. ದಿಮ್ಮಿ ಮಗ್ಗುಲು ಬದಲಿಸಿತು.

ಅದೇನು ಸಣ್ಣ ತುಂಡಲ್ಲ. 40 ಸೆಂ.ಮೀ. ದಪ್ಪ, 3 ಮೀಟರ್ ಉದ್ದದ ಹಸಿ ಓಕ್ ಅಂದರೆ ಸುಮಾರು 375 ಕೆಜಿ. ಎತ್ತಲು ಹೋದರೆ ನಾಲ್ಕು ಜನಕ್ಕೂ ಕಷ್ಟ. ಆದರೆ ಅವರು ಎತ್ತಲೇ ಇಲ್ಲವಲ್ಲ, ಹೊರಳಿಸಿದರು.

ಈ ಕೋಲಿಗೆ ಪೀವಿ ಅನ್ನುತ್ತಾರೆ. 1850ರ ದಶಕದಲ್ಲಿ ಅಮೆರಿಕದ ಮೇನ್ ರಾಜ್ಯದ ಕಮ್ಮಾರ ಜೋಸೆಫ್ ಪೀವಿ ಇದನ್ನು ರೂಪಿಸಿದ. ಹೊಳೆಯಲ್ಲಿ ದಿಮ್ಮಿ ತೇಲಿಸುವವರ ಹಳೆಯ ಕೋಲಿನಲ್ಲಿ ಕೊಕ್ಕೆ ಆ ಕಡೆ ಈ ಕಡೆ ಓಲಾಡುತ್ತಿತ್ತು, ಹಿಡಿತ ತಪ್ಪುತ್ತಿತ್ತು. ಇವನು ಅದನ್ನು ಮೇಲೆ ಕೆಳಗೆ ಮಾತ್ರ ಆಡುವಂತೆ ಬಿಗಿದ, ಕೋಲಿನ ತುದಿಗೆ ಚೂಪು ಮೊಳೆ ಕೂರಿಸಿದ. ಇಷ್ಟೇ. ಈಗಲೂ ಅದೇ ರೂಪ.

ಅದೇ ಬಗೆಯ ಕೋಲಿಗೆ ಒಂದು ಕಾಲು ಕೂಡಿಸಿದರೆ ಲಾಗ್ ಜಾಕ್. ದಿಮ್ಮಿ ನೆಲ ಬಿಟ್ಟು ಒಂದಿಷ್ಟು ಏಳುತ್ತದೆ, ಚೈನ್ ಸಾ ಮಣ್ಣಿಗೆ ತಾಗಿ ಹಲ್ಲು ಮೊಂಡಾಗುವುದಿಲ್ಲ. ಸಾಗಿಸಲು ಎರಡು ಚಕ್ರದ ಕಮಾನು ಇದೆ. ಅದರಲ್ಲಿ ತೂಗುವ ಇಕ್ಕಳ ಎಳೆದಷ್ಟೂ ಬಿಗಿಯಾಗುತ್ತದೆ. ದಿಮ್ಮಿಯ ಒಂದು ತುದಿ ಎದ್ದರೆ ಸಾಕು, ಅರ್ಧ ಭಾರ ಚಕ್ರಕ್ಕೆ ಹೋಯಿತು, ಮೂತಿ ಮಣ್ಣಿಗೆ ಹೂತುಕೊಳ್ಳುವುದೂ ತಪ್ಪಿತು.

ನಮ್ಮ ಕಡೆ? ‘ನಾಳೆ ಜನ ಬರ್ತಾರೆ’ ಅನ್ನುತ್ತೇವೆ. ಜನ ಬರುವಷ್ಟರಲ್ಲಿ ಗೆದ್ದಲು ಬಂದಿರುತ್ತದೆ. ಬಂದ ಮೇಲೂ ಹಾರೆ ಕೊಟ್ಟು ‘ಐಸಾ’ ಅನ್ನುವುದೇ. ಹಾರೆ ಮೀಟುತ್ತದೆ, ನಿಜ. ಆದರೆ ಅದಕ್ಕೆ ಹಿಡಿತವಿಲ್ಲ. ಜಾರಿದರೆ ದಿಮ್ಮಿ ವಾಪಸ್ ಕಾಲ ಮೇಲೆಯೇ. ನನ್ನ ದೊಡ್ಡಪ್ಪನ ಸೊಂಟ ಹೋದದ್ದು ಇಂಥದ್ದೇ ಕೆಲಸದಲ್ಲಿ. ‘ಗಟ್ಟಿ ಆಳು’ ಅಂತ ಎಲ್ಲರೂ ಹೊಗಳಿದರು. ಕೊನೆಗೆ ಗೋಡೆ ಹಿಡಿದು ನಡೆದವರು ಅವರೊಬ್ಬರೇ. ಇದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಹಾರೆ ಬಡಿಯುವ ಕಮ್ಮಾರನಿಗೆ ಒಂದು ಕೊಕ್ಕೆ, ಒಂದು ಬೋಲ್ಟು ಸೇರಿಸುವುದು ಎಷ್ಟರ ಕೆಲಸ? ನಾವು ಕೇಳಲಿಲ್ಲ, ಅಷ್ಟೇ. ಆಳು ಸಿಗುತ್ತಿದ್ದ ಕಾಲದಲ್ಲಿ ಕೇಳುವ ಅಗತ್ಯವೂ ಬೀಳಲಿಲ್ಲ. ಈಗ ಆಳು ಎಲ್ಲಿ ಸಿಗುತ್ತಾರೆ?

ಒಂದು ಮಾತು ಒಪ್ಪಲೇಬೇಕು. ಲಾರಿಗೆ ನಾಟಾ ತುಂಬುವ ನಮ್ಮವರ ಹಗ್ಗದ ಕೆಲಸ ಯಾರಿಗೂ ಕಡಿಮೆಯಿಲ್ಲ. ಲಾರಿಗೆ ಎರಡು ಕಂಬ ಓರೆಯಾಗಿ ಆನಿಸುತ್ತಾರೆ. ಹಗ್ಗದ ಒಂದು ತುದಿಯನ್ನು ಮೇಲೆ ಕಟ್ಟಿ, ದಿಮ್ಮಿಯ ಅಡಿಯಿಂದ ತಂದು, ಇನ್ನೊಂದು ತುದಿಯನ್ನು ಮೇಲಿನಿಂದ ಎಳೆಯುತ್ತಾರೆ. ದಿಮ್ಮಿ ತಾನೇ ರಾಟೆಯಾಗಿ ಉರುಳುತ್ತಾ ಏರುತ್ತದೆ. ಬೇಕಾಗುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಲ್ಲಿನವರೂ ಇದನ್ನೇ ಮಾಡುತ್ತಾರೆ, ಎಳೆಯಲು ಕೈವಿಂಚ್ (ಕೈಯಿಂದ ತಿರುಗಿಸಿ ಹಗ್ಗ ಸುತ್ತುವ ಯಂತ್ರ) ಹಾಕಿಕೊಂಡು. ವಿಂಚ್‌ಗೆ ಹಗ್ಗ ಹಿಂದಕ್ಕೆ ಜಾರದಂತೆ ಹಿಡಿಯುವ ಹಲ್ಲುತಡೆ ಇರುವುದರಿಂದ ಒಬ್ಬರೇ ನಿಂತು ನಿಂತು ಎಳೆಯಬಹುದು. ನಮ್ಮವರು ಆ ತಡೆಯಿಲ್ಲದೆ, ಒಬ್ಬರ ಕೈ ಇನ್ನೊಬ್ಬರು ನಂಬಿ ಇಷ್ಟು ವರ್ಷ ತುಂಬಿದ್ದಾರೆ.