ಕೌಟುಂಬಿಕ ಹಾಸ್ಯಚಿತ್ರ ಮಾಡುವವರೇ, ಐನ್‌ಮನೆಯೊಳಗೆ ಬನ್ನಿ

ಕೊಡಗಿಗೆ ಸಿನಿಮಾದವರು ಬಂದರೆ ಕ್ಯಾಮೆರಾ ನೇರ ಅಬ್ಬಿಗೋ, ರಾಜಾಸೀಟಿಗೋ, ಮಾಂದಲ್‌ಪಟ್ಟಿಗೋ ಹೋಗುತ್ತದೆ. ಎರಡು ಹಾಡು, ಒಂದಿಷ್ಟು ಮಂಜು, ಮುಗಿಯಿತು. ಮನೆಯೊಳಗೆ ಕಾಲಿಟ್ಟವರು ಕಡಿಮೆ. ಕೌಟುಂಬಿಕ ಹಾಸ್ಯ ಬರೆದು ನಿರ್ದೇಶಿಸುವವರಿಗೆ ಇಲ್ಲಿನ ಐನ್‌ಮನೆಗಿಂತ, ಅಂದರೆ ಕೊಡವ ಕುಟುಂಬದ ಮೂಲಮನೆಗಿಂತ, ಒಳ್ಳೆಯ ಜಾಗ ಸಿಗುವುದು ಕಷ್ಟ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಈ ಬಗೆಯ ಚಿತ್ರಕ್ಕೆ ನಗುವಿನ ಬೇರು ಇರುವುದು ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನುವುದರಲ್ಲಿ. ಮಗಳು ಕೆಲಸ ಬಿಟ್ಟಿರುವುದು ಚಿಕ್ಕಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ, ಅಜ್ಜಿಗೆ ತಪ್ಪಾಗಿ ಗೊತ್ತು. ಆ ತಪ್ಪಾಗಿ ಗೊತ್ತಿರುವವರೇ ಕಥೆ ಎಳೆಯುವವರು. ಹಾಗಾಗಿ ಸಂಭಾಷಣೆಗೆ ಕೈ ಹಾಕುವ ಮೊದಲು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಪಾತ್ರಗಳ ಹೆಸರು, ಮೇಲ್ಗಡೆ ದೃಶ್ಯಗಳ ಸಂಖ್ಯೆ. ಪ್ರತಿ ಚೌಕದಲ್ಲೂ ಆ ಹೊತ್ತಿಗೆ ಆ ಪಾತ್ರಕ್ಕೆ ಏನು ಗೊತ್ತು ಅಂತ ಬರೆಯಿರಿ. 130 ನಿಮಿಷದ ಚಿತ್ರವಾದರೆ ಸುಮಾರು 60-70 ದೃಶ್ಯ. ಸಾಲಾಗಿ ಐದು ದೃಶ್ಯ ಕಳೆದರೂ ಒಂದು ಚೌಕವೂ ಬದಲಾಗದಿದ್ದರೆ ಕಥೆ ಅಲ್ಲಿ ನಿಂತಿದೆ. ಅಲ್ಲಿ ಎಷ್ಟು ಪಂಚ್ ತುರುಕಿದರೂ ಜನ ಮೊಬೈಲ್ ತೆಗೆಯುತ್ತಾರೆ. ಇಂಟರ್ವಲ್‌ಗೆ ಗುಟ್ಟು ಎಲ್ಲರೆದುರೂ ರಟ್ಟಾದರೆ ಎರಡನೇ ಅರ್ಧಕ್ಕೆ ಉಳಿಯುವುದು ಜಗಳ, ಅಳು. ಆಗ ಒಬ್ಬರಿಗೆ ಮಾತ್ರ ತಿಳಿಯಲಿ, ಅದೂ ಬಾಯಲ್ಲಿ ಏನೂ ನಿಲ್ಲದವರಿಗೆ.

ಈ ಲೆಕ್ಕಕ್ಕೆ ಐನ್‌ಮನೆಯ ಕಟ್ಟಡವೇ ಒದಗಿ ಬರುತ್ತದೆ. ಮುಂದೆ ಕಯ್ಯಾಲೆ ಅನ್ನುವ ಜಗಲಿ, ಅದರ ಕಂಬಗಳ ನಡುವೆ ಕೂರುವಷ್ಟು ಅಗಲದ ಮರದ ಹಲಗೆ ಐಮರ, ಒಳಗೆ ದೀಪ ತೂಗುವ ನಡುಮನೆ, ನೆಲ್ಲಕ್ಕಿ ನಡುಬಾಡೆ. ಐಮರದ ಮೇಲೆ ಕೂತ ಹಿರಿಯರ ಕಣ್ಣು ತಪ್ಪಿಸಿ ಮುಂಬಾಗಿಲಿಂದ ಒಳಗೆ ಹೋಗುವ ಹಾಗಿಲ್ಲ. ಜೊತೆಗೆ, ಬಂದ ಕಿರಿಯರು ಹಿರಿಯರ ಕಾಲು ಮುಟ್ಟಿ ನಮಸ್ಕರಿಸಬೇಕು. ಜಮ್ಮಾ ಜಾಗದ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಕಾಗದವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ ಹುಡುಗ ಏಳು ಜನರ ಮುಂದೆ ಬಗ್ಗಬೇಕಾಗಿ ಬಂದರೆ? ಮೊದಲ ನಮಸ್ಕಾರ ಪೂರ್ತಿ ತೋರಿಸಿ, ಕಾಗದದ ಮೂಲೆ ಇಣುಕಲಿ. ಎರಡನೆಯದು ಅರ್ಧ ಸಾಕು. ಮೂರರಿಂದ ಆರು ಬೇಡ. ಏಳನೆಯವರು ಅವನ ತಲೆ ಮೇಲಿಟ್ಟ ಕೈ ತೆಗೆಯದೆ ಅಡಕೆ, ಕಾಫಿ, ಮದುವೆ ಅಂತ ಮಾತು ಎಳೆಯಲಿ. ಏಳನ್ನೂ ತೋರಿಸಿದರೆ ನಾಲ್ಕನೆಯದಕ್ಕೇ ನಗು ಬತ್ತುತ್ತದೆ. ನೆನಪಿರಲಿ, ನಾವು ನಗಬೇಕಾದ್ದು ಹುಡುಗನ ಅವಸರಕ್ಕೆ, ಆ ಪದ್ಧತಿಗಲ್ಲ.

ಮೀಸೆ, ಕೋವಿ, ಪಂದಿಕರಿ (ಹಂದಿ ಮಾಂಸದ ಸಾರು), ಕೈಯಲ್ಲೊಂದು ಗ್ಲಾಸು. ಕೊಡಗಿನ ಪಾತ್ರ ಅಂದರೆ ಇಷ್ಟೇ ಅಂತ ಬರೆಯುವ ಚಾಳಿ ಇನ್ನಾದರೂ ನಿಲ್ಲಬೇಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವರ ಮಾತು ಎಲ್ಲ ಇಲ್ಲಿ ಅಕ್ಕಪಕ್ಕದಲ್ಲೇ ಕೇಳಿಸುತ್ತವೆ. ಪಾತ್ರದ ಬಾಯಲ್ಲಿ ತಪ್ಪು ಕನ್ನಡ ಆಡಿಸಿ ನಗಿಸುವ ಬದಲು, ಗುಟ್ಟಿನ ಮಾತು ಬಂದ ಕೂಡಲೇ ಮನೆಯವರು ಕೊಡವ ತಕ್ಕ್‌ಗೆ ಜಾರಲಿ, ಮೈಸೂರಿನ ಅಳಿಯ ಎಲ್ಲ ಅರ್ಥವಾದವನಂತೆ ತಲೆಯಾಡಿಸಲಿ. ಹಾಳೆಯ ಇನ್ನೊಂದು ಚೌಕ ತುಂಬಿತು.

ಚಿತ್ರೀಕರಣದಲ್ಲಿ ಹೆಚ್ಚು ಎಡವುವುದು ಊಟದ ದೃಶ್ಯದಲ್ಲಿ. ಹತ್ತು ಜನರನ್ನು ಮೇಜಿನ ಸುತ್ತ ಮನಸ್ಸಿಗೆ ಬಂದಂತೆ ಕೂರಿಸಿದರೆ ಎಡಿಟಿಂಗ್‌ನಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಗುಟ್ಟು ಗೊತ್ತಿರುವವರು ಒಂದು ಕಡೆ, ಗೊತ್ತಿಲ್ಲದವರು ಎದುರು. ಒಂದು ಗುಂಪಿನಿಂದ ಎದುರಿನ ಗುಂಪಿಗೆ ಮನಸ್ಸಿನಲ್ಲೇ ಗೆರೆ ಎಳೆದುಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇಡಿ. 28 ಅಥವಾ 35 ಎಂಎಂ ಲೆನ್ಸ್‌ನಲ್ಲಿ ಎಲ್ಲರೂ ಕಾಣುವ ಮಾಸ್ಟರ್ ಶಾಟ್ ಆದ ಮೇಲೆ ಕ್ಲೋಸಪ್‌ಗೆ ಮೊದಲು ಕೇಳಿಸಿಕೊಳ್ಳುವವರ ಮುಖ ತೆಗೆಯಿರಿ. ಅದೇ ಮಾತನ್ನು ಎಂಟನೇ ಸಲ ಕೇಳುವ ಹೊತ್ತಿಗೆ ಯಾರ ಮುಖದಲ್ಲೂ ಬೆರಗು ಉಳಿದಿರುವುದಿಲ್ಲ. ನಗು ಇರುವುದು ಆ ಮುಖದಲ್ಲೇ.

ತಟ್ಟೆಯ ಲೆಕ್ಕವನ್ನೂ ಮಾಡಿ: ಹತ್ತು ಜನ, ಎಂಟು ಟೇಕ್, ತಲೆಗೆ ಎರಡೆರಡು ಅಂದರೆ 160 ಕಡಂಬುಟ್ಟು, ಅಕ್ಕಿ ತರಿಯ ಉಂಡೆ. ಯಾವ ಮಾತಿಗೆ ಕಚ್ಚುವುದು, ಯಾವ ಮಾತಿಗೆ ನುಂಗುವುದು ಅಂತ ಸ್ಕ್ರಿಪ್ಟ್‌ನಲ್ಲೇ ಗುರುತು ಹಾಕದಿದ್ದರೆ ಒಂದು ಶಾಟ್‌ನಲ್ಲಿ ತುಂಬಿದ ಬಾಯಿ ಮುಂದಿನದರಲ್ಲಿ ಖಾಲಿ. ಪಂಚ್ ಆದ ಮೇಲೆ ಮಾತಿಲ್ಲದ ಎರಡು ಸೆಕೆಂಡ್, ಅಂದರೆ 48 ಫ್ರೇಮ್, ಒಂದು ಮುಖದ ಮೇಲೆ ನಿಲ್ಲಿ. ಇಲ್ಲವಾದರೆ ಥಿಯೇಟರ್‌ನ ನಗುವಿನಲ್ಲಿ ಮುಂದಿನ ಮಾತು ಮುಳುಗುತ್ತದೆ, ಅದರಲ್ಲೇ ಕಥೆಯ ಎಳೆ ಇದ್ದರೆ ಅದೂ ಹೋಯಿತು.

ಇನ್ನು ಕಾಲ. ಮಳೆಗಾಲದಲ್ಲಿ ಸಿಂಕ್ ಸೌಂಡ್, ಅಂದರೆ ಚಿತ್ರೀಕರಣದ ಜೊತೆಗೇ ಮಾತು ದಾಖಲಿಸುವ ಆಸೆ ಬಿಡಿ, ಹೆಂಚಿನ ಸದ್ದಿಗೆ ಪಿಸುಮಾತು ಕೇಳಿಸುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಕಣದ ತುಂಬ ಕಾಫಿ ಹರಡಿರುತ್ತದೆ, ಮನೆಯವರಿಗೆ ಉಸಿರಾಡಲು ಬಿಡುವಿಲ್ಲ. ಅಂಥ ಹೊತ್ತಲ್ಲಿ ಲೈಟು, ಟ್ರಾಲಿ ಹೊತ್ತು ಕಣಕ್ಕೆ ನುಗ್ಗುವುದು ಸರಿಯಲ್ಲ. ಮಾರ್ಚ್-ಏಪ್ರಿಲ್ ಒಳ್ಳೆಯದು, ಆದರೆ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಕಿಟಕಿಯಾಚೆ ತೋಟ ಕಾಣುವ ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ ವಾರ ಬಿಟ್ಟು ಮುಂದುವರಿಸಿದರೆ ಒಂದೇ ಊಟದ ನಡುವೆ ಬಿಳಿ ತೋಟ ಹಸಿರಾಗಿರುತ್ತದೆ. ಅಂಥ ದೃಶ್ಯವನ್ನು ಒಂದೇ ಕಾಲ್‌ಶೀಟ್‌ನಲ್ಲಿ ಮುಗಿಸಿ, ಇಲ್ಲವೇ ಕಿಟಕಿ ಫ್ರೇಮ್‌ನಲ್ಲಿ ಬಾರದಂತೆ ಊಟದ ಮೇಜನ್ನೇ ತಿರುಗಿಸಿ.